ಊಟದ ಬೋಟ್ ಹತ್ತುವ ಮುಂಚೆ: ಕೊಡಗಿನಿಂದ ಹೊರಡುವವರಿಗೆ

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಥರದ ಪ್ರಶ್ನೆ ಬರುತ್ತದೆ. "ಗೋವಾದಲ್ಲಿ ಯಾವ ಬೋಟ್ ಹತ್ತೋದು? ಕೊಚ್ಚಿಯಲ್ಲಿ ಬೋಟಲ್ಲೇ ಊಟ ಹಾಕ್ತಾರಂತಲ್ಲ, ಚೆನ್ನಾಗಿದೆಯಾ?" ರೊಬಸ್ಟಾ ಕುಯ್ಲು ಮುಗಿದಿರುತ್ತದೆ. ಕಣದಲ್ಲಿ ಹರಡಿದ್ದ ಕಾಫಿ ಮೂಟೆ ಸೇರಿರುತ್ತದೆ. ಕಾಫಿ ಹೂ ಅರಳಿಸುವ ಹೂ ಮಳೆ ಸರಿಯಾಗಿ ಬಿದ್ದಿದ್ದರಂತೂ ಮನಸ್ಸು ಹಗುರ. ಮಕ್ಕಳಿಗೆ ರಜೆ. ಎಲ್ಲಾದರೂ ಹೋಗಬೇಕು, ಮತ್ತೆ ಬೆಟ್ಟ ನೋಡೋದು ಬೇಡ, ನೀರು ಇರಲಿ ಅಂತ ಎಲ್ಲರಿಗೂ ಅನ್ನಿಸುವ ಹೊತ್ತು ಅದು.

ಸುಂಟಿಕೊಪ್ಪದ ಹತ್ತಿರ ನಮ್ಮ ಮನೆ. ನಮ್ಮ ಕುಟುಂಬದ ಟೂರ್‌ಗಳಿಗೆಲ್ಲ ಟಿಕೆಟ್ ಮಾಡಿಸುವ ಕೆಲಸ ಹೇಗೋ ನನ್ನ ತಲೆಗೇ ಕಟ್ಟಿದ್ದಾರೆ. ಹಾಗಾಗಿ ಬೈಸಿಕೊಳ್ಳುವುದೂ ನಾನೇ. ಬೈಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೊಡಗಿನಲ್ಲೇ ಇಂಥದ್ದು ಯಾಕಿಲ್ಲ ಅಂತ ಬೆಂಗಳೂರಿನ ನೆಂಟರು ಕೇಳುವುದುಂಟು. ನಮಗೆ ನೀರಿಗೇನೂ ಬರವಿಲ್ಲ. ಆದರೆ ನಮ್ಮ ಕಾವೇರಿ ಇನ್ನೂ ಸಣ್ಣ ಹುಡುಗಿ. ಬೇಸಿಗೆಯಲ್ಲಿ ದುಬಾರೆಗೆ ಹೋಗಿ ನೋಡಿ, ಬಂಡೆ ಮೇಲೆ ಬಂಡೆ. ಮಳೆಗಾಲದಲ್ಲಿ ಬರಪೊಳೆಯಲ್ಲಿ ರಾಫ್ಟಿಂಗ್ ಮಾಡಬಹುದು, ತಟ್ಟೆ ಹಿಡಿದುಕೊಂಡು ಊಟ ಮಾಡೋಕಾಗುತ್ತಾ? ನೂರಾರು ಜನ, ಅಡುಗೆಮನೆ, ಸ್ಟೇಜು ಎಲ್ಲ ಹೊತ್ತು ನಿಧಾನಕ್ಕೆ ತೇಲುವ ಬೋಟಿಗೆ ಅಗಲವೂ ಆಳವೂ ಇರುವ, ಅಲುಗಾಡದ ನೀರು ಬೇಕು. ಅದಕ್ಕೆ ಘಟ್ಟ ಇಳಿಯಲೇಬೇಕು.

ಮೊದಲು: ಮೂರರಲ್ಲಿ ಯಾವ ಎರಡು?

ಇಂಥ ಬೋಟಿನಲ್ಲಿ ಮಾರುವುದು ಮೂರು ವಸ್ತು. ನೀರು, ಊಟ, ಹಾಡು-ಕುಣಿತ. ಮೂರೂ ಒಂದೇ ಬೋಟಿನಲ್ಲಿ ಚೆನ್ನಾಗಿದ್ದದ್ದು ನಾನಂತೂ ಕಂಡಿಲ್ಲ. ಎರಡು ಚೆನ್ನಾಗಿದ್ದರೆ ಕೊಟ್ಟ ದುಡ್ಡು ಬಂದ ಹಾಗೆ. ಯಾವ ಎರಡು ಅನ್ನೋದನ್ನು ಮನೆಯಲ್ಲೇ ತೀರ್ಮಾನ ಮಾಡಿ. ಜೆಟ್ಟಿಯಲ್ಲಿ ನಿಂತು ಮಾಡಬೇಡಿ. ಅಲ್ಲಿ ಬಣ್ಣದ ಲೈಟು, ಸ್ಪೀಕರು, ಟಿಕೆಟ್ ಮಾರುವವರ ಗಲಾಟೆ. ತಲೆ ಓಡುವುದಿಲ್ಲ.

ಇದನ್ನು ನಾನು ಕಲಿತದ್ದು ಹೀಗೆ. ಮೊದಲ ಸಲ ಹೋದಾಗ ಟಿಕೆಟ್‌ನಲ್ಲಿ "ಎರಡು ಗಂಟೆ, ಸೂರ್ಯಾಸ್ತ, ಬಫೆ, ಲೈವ್ ಮ್ಯೂಸಿಕ್" ಅಂತ ಇತ್ತು. ನಾವು ಒಂಬತ್ತು ಜನ. ಅತ್ತೆ, ಬಾವ, ಅಕ್ಕ, ಮಕ್ಕಳು ಎಲ್ಲ. ಬೋಟ್ ಹತ್ತಿ ಕೂತೆವು. ಹಾಡು ಶುರುವಾಯಿತು. ಬೋಟ್ ಮಾತ್ರ ಜೆಟ್ಟಿ ಬಿಡಲಿಲ್ಲ. ಯಾವುದೋ ಕಂಪನಿಯ ಗುಂಪು ಬರಬೇಕಿತ್ತಂತೆ. ಮುಕ್ಕಾಲು ಗಂಟೆ ಹಗ್ಗ ಕಟ್ಟಿದಲ್ಲೇ ಇತ್ತು. ಅಂತೂ ಹೊರಟಿತು. ಹೊರಟ ಹತ್ತು ನಿಮಿಷಕ್ಕೆ ಬಫೆ ತೆರೆದರು. ಎಲ್ಲರೂ ಒಟ್ಟಿಗೆ ಎದ್ದರು. ನಾನು ಅತ್ತೆಗೆ ತಟ್ಟೆ ತರೋಣ ಅಂತ ಸಾಲಿನಲ್ಲಿ ನಿಂತೆ. ಮುಂದಿದ್ದವರ ಬೆನ್ನು, ಅದರಾಚೆ ಸ್ಟೀಲ್ ಪಾತ್ರೆಗಳ ಮುಚ್ಚಳ. ಮುಚ್ಚಳದ ಮೇಲೆ ಕೆಂಪು ಬೆಳಕು ಬಿದ್ದು ಹೊಳೆಯುತ್ತಿತ್ತು. ಏನಪ್ಪಾ ಇದು ಅಂತ ತಿರುಗಿ ನೋಡಿದರೆ ಸೂರ್ಯ ಅರ್ಧ ಮುಳುಗಿದ್ದಾನೆ. ಪನ್ನೀರ್ ಹಾಕಿಸಿಕೊಂಡು ಹೊರಗೆ ಬಂದಾಗ ಪೂರ್ತಿ ಮುಳುಗಿದ್ದ. ಅಷ್ಟು ದೂರ ಹೋಗಿ ಸೂರ್ಯಾಸ್ತವನ್ನು ಪಾತ್ರೆ ಮುಚ್ಚಳದಲ್ಲಿ ನೋಡಿದವಳು ನಾನೊಬ್ಬಳೇ ಇರಬೇಕು.

ಹಾಗಾಗಿ ನನ್ನ ಲೆಕ್ಕ ಇಷ್ಟು. ವಯಸ್ಸಾದವರು ಜಾಸ್ತಿ ಇದ್ದರೆ ನೀರು ಮತ್ತು ಊಟ. ಯುವಕರ ಗುಂಪಾದರೆ ಹಾಡು ಮತ್ತು ನೀರು, ಊಟ ಹೊರಗೆ. ಮದುವೆ ವಾರ್ಷಿಕೋತ್ಸವಕ್ಕೆ ಇಬ್ಬರೇ ಹೋಗುವುದಾದರೆ ಗುಂಪಿನ ದೊಡ್ಡ ಬೋಟೇ ಬೇಡ. ಹೆಸರು ಕೂಗಿ ಸ್ಟೇಜಿಗೆ ಕರೆದು ಕುಣಿಸುತ್ತಾರೆ. ಕೆಲವರಿಗೆ ಅದು ಇಷ್ಟ. ನನ್ನ ಬಾವನಿಗೆ ಇಷ್ಟ, ಅಕ್ಕನಿಗೆ ಇಲ್ಲ. ಆ ರಾತ್ರಿ ಇಬ್ಬರಿಗೂ ಮಾತಿಲ್ಲ.

ಊರು ಯಾವುದು

ರಾತ್ರಿ ಬೋಟಿಗೆ ಒಂದು ಗುಟ್ಟಿದೆ. ಕತ್ತಲಾದ ಮೇಲೆ ನೀರು ಕಾಣುವುದಿಲ್ಲ. ಕಾಣುವುದು ದಡದ ದೀಪ. ದಡದಲ್ಲಿ ಊರಿಲ್ಲದಿದ್ದರೆ ನೀವು ನೋಡುವುದು ಬರೀ ಕತ್ತಲೆ. ಕತ್ತಲೆ ನೋಡೋಕೆ ನಾವು ದುಡ್ಡು ಕೊಡಬೇಕಾ? ಕರೆಂಟ್ ಹೋದ ದಿನ ನಮ್ಮ ಮನೆ ಜಗಲಿಯಲ್ಲಿ ಕೂತರೆ ಸಾಕು. ಆದ್ದರಿಂದ ರಾತ್ರಿ ಬೋಟಿಗೆ ಊರ ನಡುವೆ ಹರಿಯುವ ಹೊಳೆ ಅಥವಾ ಬಂದರು ಬೇಕು.

ಗೋವಾದ ಪಣಜಿಯಲ್ಲಿ ಮಾಂಡವಿ ಹೊಳೆ ಇದೆ. ಸಾಂತಾ ಮೋನಿಕಾ ಜೆಟ್ಟಿಯಿಂದ ಬೋಟ್‌ಗಳು ಹೊರಡುತ್ತವೆ. ಸಂಜೆ ಹೊರಡುವ ಒಂದು ಗಂಟೆಯ ಬೋಟ್ ಬೇರೆ, ಊಟದ ಬೋಟ್ ಬೇರೆ. ಜನ ಎರಡನ್ನೂ ಒಂದೇ ಅಂದುಕೊಂಡು ಒಂದು ಗಂಟೆಯದ್ದಕ್ಕೆ ಹಸಿದುಕೊಂಡು ಹೋಗುತ್ತಾರೆ. ಇನ್ನೊಂದು ಗೊಂದಲವೂ ಇದೆ. ಅದೇ ಹೊಳೆಯಲ್ಲಿ ಜಗಮಗಿಸುತ್ತಾ ನಿಂತಿರುವ ದೊಡ್ಡ ಹಡಗುಗಳು ಕ್ಯಾಸಿನೋ. ಅಲ್ಲೂ ಊಟ, ಶೋ ಎಲ್ಲ ಇದೆ. ಆದರೆ ಅವು ಲಂಗರು ಹಾಕಿ ನಿಂತಲ್ಲೇ ನಿಂತಿರುತ್ತವೆ, ಸಣ್ಣ ಬೋಟಿನಲ್ಲಿ ನಿಮ್ಮನ್ನು ಅಲ್ಲಿಗೆ ಒಯ್ಯುತ್ತಾರೆ. ಆಟದ ಹಾಲ್‌ಗೆ 21 ವರ್ಷ ತುಂಬದವರನ್ನು ಬಿಡುವುದಿಲ್ಲ. ಮಕ್ಕಳನ್ನು ಕರೆದುಕೊಂಡು ತಪ್ಪು ಸಾಲಿನಲ್ಲಿ ನಿಲ್ಲಬೇಡಿ.

ಕೊಚ್ಚಿ ಬೇರೆ ಥರ. ಅಲ್ಲಿ ಬಂದರಿದೆ, ಹಿನ್ನೀರಿದೆ, ಅಳಿವೆ ದಾಟಿದರೆ ಅರಬ್ಬೀ ಸಮುದ್ರ. ಕೇರಳ ಸರ್ಕಾರದ ನಿಗಮವೇ ನಡೆಸುವ ಸಾಗರರಾಣಿ ಮತ್ತು ನೆಫರ್ಟಿಟಿ ಇವೆ. ನೆಫರ್ಟಿಟಿಯಲ್ಲಿ 200 ಜನ ಹಿಡಿಸುತ್ತಾರೆ, ಸಮುದ್ರದೊಳಕ್ಕೂ ಹೋಗುತ್ತದೆ. ಮರೈನ್ ಡ್ರೈವ್ ಕಡೆಯ ಎತ್ತರದ ಕಟ್ಟಡಗಳು, ವಲ್ಲಾರ್‌ಪಾಡಂ ಕಂಟೇನರ್ ಟರ್ಮಿನಲ್‌ನ ಕ್ರೇನುಗಳು, 1744ರಲ್ಲಿ ಡಚ್ಚರು ಕಟ್ಟಿದ ಬೋಲ್ಗಾಟ್ಟಿ ಅರಮನೆ ಎಲ್ಲ ಈ ನೀರಿನ ಸುತ್ತಲೇ ಇವೆ. ಫೋರ್ಟ್ ಕೊಚ್ಚಿಯ ಚೀನಾ ಬಲೆಗಳನ್ನು ನೋಡುವ ಆಸೆ ಇದ್ದರೆ ಬೆಳಕಿರುವಾಗಲೇ ಹೊರಡುವ ಬೋಟ್ ಹಿಡಿಯಿರಿ. ರಾತ್ರಿ ಅವು ಕಾಣುವುದು ಕಷ್ಟ.

ಅಲಪ್ಪುಳದ ಹೌಸ್‌ಬೋಟನ್ನೂ ಕೆಲವರು ಇದೇ ಲೆಕ್ಕದಲ್ಲಿ ಬುಕ್ ಮಾಡುತ್ತಾರೆ. ಅಲ್ಲಿ ರಾತ್ರಿ ಮೀನಿನ ಬಲೆ ಬಿಡುವ ಕಾರಣ ಸಂಜೆ ಐದೂವರೆ ಸುಮಾರಿಗೆ ಬೋಟನ್ನು ದಡಕ್ಕೆ ಕಟ್ಟಿಬಿಡುತ್ತಾರೆ. ರಾತ್ರಿ ಊಟ ನಿಂತ ಬೋಟಿನಲ್ಲೇ. ಅದು ತಪ್ಪಲ್ಲ, ಶಾಂತವಾಗಿ ಚೆನ್ನಾಗಿರುತ್ತದೆ. ತೇಲುತ್ತಾ ಊಟ ಮಾಡುವ ಕನಸಿದ್ದರೆ ಮಾತ್ರ ಅಲ್ಲಿಗೆ ಬೇಡ.

ದೇಶದ ಹೊರಗೆ ಹೋಗುವವರಿಗೆ ಎರಡು ಮಾತು. ಬ್ಯಾಂಕಾಕ್‌ನ ಚಾವೋ ಫ್ರಾಯಾ ಹೊಳೆ ಈ ಕೆಲಸಕ್ಕೆಂದೇ ಹರಿಯುತ್ತಿದೆಯೋ ಅನ್ನಿಸುತ್ತದೆ. ವಾಟ್ ಅರುಣ್ ದೇವಾಲಯ, ಅರಮನೆ, ಸೇತುವೆ ಎಲ್ಲಕ್ಕೂ ದೀಪ. ಅಲ್ಲಿ ಆಗುವ ಎಡವಟ್ಟು ಒಂದೇ: ಬೇರೆ ಬೇರೆ ಬೋಟ್ ಬೇರೆ ಬೇರೆ ಜೆಟ್ಟಿಯಿಂದ ಹೊರಡುತ್ತವೆ, ಜನ ತಪ್ಪು ಜೆಟ್ಟಿಗೆ ಹೋಗಿ ನಿಲ್ಲುತ್ತಾರೆ. ದುಬೈಯಲ್ಲಿ ಮರದ ಧೋ ಹಡಗಿನಲ್ಲಿ ಊಟ. ಕ್ರೀಕ್ ಕಡೆ ಹಳೆ ಊರು, ಮರೀನಾ ಕಡೆ ಹೊಸ ಗಾಜಿನ ಕಟ್ಟಡ. ಲಂಗದಲ್ಲಿ ದೀಪ ಹೊತ್ತಿಸಿಕೊಂಡು ಗಿರಗಿರ ತಿರುಗುವ ತನೂರಾ ಕುಣಿತ ಎರಡೂ ಕಡೆ ಸಾಮಾನ್ಯ. ನಮ್ಮ ಹಂದಿ ಮಾಂಸದ ಪಂದಿಕರಿ ಮಾತ್ರ ಕೇಳಬೇಡಿ.

ದಾರಿ ನಿಮಗೆ ಗೊತ್ತೇ ಇದೆ. ನಮ್ಮಲ್ಲಿ ರೈಲೂ ಇಲ್ಲ, ವಿಮಾನವೂ ಇಲ್ಲ. ಕೊಚ್ಚಿಗಾದರೆ ವಿರಾಜಪೇಟೆ, ಮಾಕುಟ್ಟ ಇಳಿದು ಕಣ್ಣೂರಿನಲ್ಲಿ ರೈಲು. ಅಲ್ಲಿಂದ ಎರ್ನಾಕುಲಂಗೆ ಮಾಮೂಲಿ ರೈಲಿನಲ್ಲಿ ಐದಾರು ಗಂಟೆ. ಗೋವಾಕ್ಕಾದರೆ ಸಂಪಾಜೆ ಇಳಿದು ಮಂಗಳೂರು, ಅಲ್ಲಿಂದ ಕೊಂಕಣ ರೈಲಿನಲ್ಲಿ ಮಡಗಾಂವ್. ಕಣ್ಣೂರು ವಿಮಾನ ನಿಲ್ದಾಣ 2018ರ ಡಿಸೆಂಬರ್‌ನಲ್ಲಿ ತೆರೆದ ಮೇಲೆ ಗಲ್ಫ್ ಕಡೆ ಹೋಗುವ ನಮ್ಮವರಿಗೆ ಸುಲಭವಾಗಿದೆ. ಏನೇ ಆಗಲಿ, ಹೋಗಿ ಇಳಿದ ದಿನವೇ ರಾತ್ರಿ ಬೋಟ್ ಬುಕ್ ಮಾಡಬೇಡಿ. ಘಟ್ಟದಲ್ಲಿ ಒಂದು ಲಾರಿ ಅಡ್ಡ ನಿಂತರೆ ಟಿಕೆಟ್ ಹೋಯಿತು. ಬೋಟ್ ಯಾರಿಗೂ ಕಾಯುವುದಿಲ್ಲ, ಕಂಪನಿ ಗುಂಪಿಗೆ ಬಿಟ್ಟು.

ಹೊತ್ತು

ಮಳೆಗಾಲದಲ್ಲಿ ಬೇಡ ಅಂತ ನಾನು ಸೀದಾ ಹೇಳುತ್ತೇನೆ. ಹೊರಡುತ್ತದೋ ಇಲ್ಲವೋ ಅನ್ನುವುದು ಕೊನೆ ಗಳಿಗೆಯವರೆಗೆ ಗೊತ್ತಾಗುವುದಿಲ್ಲ. ಮೇಲಿನ ಡೆಕ್ ಒದ್ದೆ. ಜೂನ್, ಜುಲೈಯಲ್ಲಿ ಟ್ರಾಲಿಂಗ್ ನಿಷೇಧ ಇರುವುದರಿಂದ ಕಡಲ ತಾಜಾ ಮೀನೂ ಕಮ್ಮಿ. ಡಿಸೆಂಬರ್ ಕೊನೆ ವಾರ ಗೋವಾದಲ್ಲಿ ಕಾಲಿಡೋಕೆ ಜಾಗ ಇಲ್ಲ, ನಮಗೂ ಆಗ ಅರೇಬಿಕಾ ಕುಯ್ಲು. ಮಾರ್ಚ್ ಕೊನೆಯಿಂದ ಮೇ ಮಧ್ಯದೊಳಗೆ, ವಾರದ ನಡುವಿನ ದಿನ ನೋಡಿ. ಸೆಕೆ ಇರುತ್ತದೆ, ನಮ್ಮ ಮೈಗೆ ಅದು ಜಾಸ್ತಿಯೇ. ಆದರೆ ನೀರಿನ ಮೇಲೆ ಗಾಳಿ ಇರುತ್ತದಲ್ಲ.

ಇನ್ನು ಹೊರಡುವ ಸಮಯ. ಸೂರ್ಯಾಸ್ತ ಬೇಕಿದ್ದರೆ ಆ ಊರಿನ ಆ ದಿನದ ಸೂರ್ಯಾಸ್ತದ ಹೊತ್ತು ಫೋನಿನಲ್ಲಿ ನೋಡಿಕೊಳ್ಳಿ. ಕೊಚ್ಚಿಯಲ್ಲಿ ಡಿಸೆಂಬರ್ ಮೊದಲಲ್ಲಿ 6 ದಾಟುತ್ತಲೇ ಮುಳುಗುತ್ತದೆ, ಏಪ್ರಿಲ್‌ನಲ್ಲಿ ಸುಮಾರು 6:35ಕ್ಕೆ. ಗೋವಾದಲ್ಲಿ ಮೇ ಕೊನೆಗೆ ಹೆಚ್ಚುಕಮ್ಮಿ 7 ಗಂಟೆ. ಬೋಟ್ ಅದಕ್ಕಿಂತ ಅರ್ಧ ಗಂಟೆ ಮುಂಚೆಯಾದರೂ ಜೆಟ್ಟಿ ಬಿಡಬೇಕು. "ಸನ್‌ಸೆಟ್ ಡಿನ್ನರ್" ಅಂತ ಹೆಸರಿಟ್ಟು ಏಳೂವರೆಗೆ ಹೊರಡುವ ಬೋಟ್‌ಗಳೂ ಇವೆ. ಹೆಸರಲ್ಲಿ ಸೂರ್ಯ, ಹೊರಗೆ ಚಂದ್ರ.

ನಮ್ಮ ದೇಶದಲ್ಲಿ ರಾತ್ರಿ 10ರ ಮೇಲೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಆದ್ದರಿಂದ ಒಂಬತ್ತಕ್ಕೆ ಹೊರಡುವ ಬೋಟಿನಲ್ಲಿ ಲೈವ್ ಮ್ಯೂಸಿಕ್ ಇದೆ ಅಂದರೆ ಎಷ್ಟು ಹೊತ್ತು ಅಂತ ಕೇಳಿ.

ಫೋನ್ ಮಾಡಿ ಕೇಳಿ

ಆನ್‌ಲೈನ್‌ನಲ್ಲಿ ಫೋಟೋ ನೋಡಿ ದುಡ್ಡು ಕಟ್ಟುವ ಮುಂಚೆ ಒಂದು ಫೋನ್ ಮಾಡಿ. ಮಧ್ಯದ ಏಜೆಂಟಿಗಲ್ಲ, ಬೋಟಿನವರಿಗೆ. ಕೊಚ್ಚಿಗೆ ಫೋನ್ ಮಾಡುವುದಾದರೆ ವಿರಾಜಪೇಟೆ ಕಡೆಯ ಯಾರಾದರೂ ನೆಂಟರ ಕೈಗೆ ಫೋನ್ ಕೊಡಿ. ಮಲಯಾಳದಲ್ಲಿ ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

ನಾನು ಕೇಳುವ ಮೊದಲ ಪ್ರಶ್ನೆ: "ಎರಡು ಗಂಟೆಯಲ್ಲಿ ಬೋಟ್ ಓಡೋದು ಎಷ್ಟು ಹೊತ್ತು?" ಈ ಒಂದು ಪ್ರಶ್ನೆಗೆ ಅರ್ಧ ಜನ ತಡವರಿಸುತ್ತಾರೆ. ಹತ್ತಿಸುವ ಹೊತ್ತು, ಕಾಯುವ ಹೊತ್ತು, ಇಳಿಸುವ ಹೊತ್ತು ಎಲ್ಲ ಸೇರಿಸಿ ಎರಡು ಗಂಟೆ ಅನ್ನುವವರಿದ್ದಾರೆ. "ಸರಿಯಾಗಿ ಒಂದೂಕಾಲು ಗಂಟೆ ಓಡುತ್ತೆ, ಅಲ್ಲಿವರೆಗೆ ಹೋಗಿ ತಿರುಗಿಸ್ತೀವಿ" ಅಂತ ಜಾಗದ ಹೆಸರು ಸಮೇತ ಹೇಳಿದರೆ ಅವರನ್ನು ನಂಬಬಹುದು.

ಎರಡನೆಯದು ದುಡ್ಡಿನ ಮಾತು. ಟಿಕೆಟ್‌ನಲ್ಲಿ ತೆರಿಗೆ ಸೇರಿದೆಯೋ, ಜೆಟ್ಟಿಯಲ್ಲಿ ಬೇರೆ ಕಟ್ಟಬೇಕೋ? ನೀರಿನ ಬಾಟಲಿ, ಸಾಫ್ಟ್ ಡ್ರಿಂಕ್ ಸೇರಿದೆಯೋ? ಮಕ್ಕಳ ಅರ್ಧ ಟಿಕೆಟ್ ಯಾವ ವಯಸ್ಸಿನವರೆಗೆ? ಬಿಯರು, ವಿಸ್ಕಿ ಹೆಚ್ಚಾಗಿ ಬೇರೆ ಬಿಲ್ಲೇ. ಕೆಲವು ಬೋಟಿನಲ್ಲಿ ಸಿಗುವುದೇ ಇಲ್ಲ, ಹೊರಗಿಂದ ತರೋಕೂ ಬಿಡುವುದಿಲ್ಲ. ಕೊಡಗಿನ ಗುಂಪಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಚಿಕ್ಕಪ್ಪಂದಿರು ಪೂರ್ತಿ ಎರಡು ಗಂಟೆ ಮುಖ ಊದಿಸಿಕೊಂಡು ನೀರು ನೋಡುತ್ತಾರೆ. ಕೇರಳದಲ್ಲಿ ತಿಂಗಳ 1ನೇ ತಾರೀಖು ಮದ್ಯದಂಗಡಿಗಳಿಗೆ ರಜೆ ಅನ್ನೋದೂ ನೆನಪಿರಲಿ.

ಮೂರನೆಯದು, ಬೋಟ್ ಹೊರಡದಿದ್ದರೆ? ಗಾಳಿ ಮಳೆ ಬಂದರೆ ದುಡ್ಡು ವಾಪಸ್ಸೋ, ಬೇರೆ ದಿನವೋ? ನಮ್ಮಂಥವರು ಮರುದಿನ ಊರಿಗೆ ಹೊರಟಿರುತ್ತೇವೆ, ಬೇರೆ ದಿನ ಕೊಟ್ಟರೆ ಏನು ಮಾಡೋದು? ಉತ್ತರವನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿ ಮಾತು ನೀರಿನ ಮೇಲೆ ಬರೆದ ಹಾಗೆ. ಇಲ್ಲಂತೂ ನಿಜವಾಗಿ.

ಕೊನೆಯದಾಗಿ, ಆ ದಿನ ಕಂಪನಿ ಪಾರ್ಟಿಯೋ ಹುಟ್ಟುಹಬ್ಬವೋ ಬುಕ್ ಆಗಿದೆಯಾ ಅಂತ ಕೇಳಿ. ಇನ್ನೂರು ಜನರ ಬೋಟಿನಲ್ಲಿ ನೂರೈವತ್ತು ಜನ ಒಂದೇ ಗುಂಪಾದರೆ ನೀವು ಬೇರೆಯವರ ಮನೆ ಮದುವೆಗೆ ಕರೆಯದೆ ಹೋದ ಹಾಗೆ.

ಊಟ

ಬೋಟಿನ ಅಡುಗೆಯ ಬಗ್ಗೆ ಆಸೆ ಕಮ್ಮಿ ಇಟ್ಟುಕೊಳ್ಳಿ. ಹೆಚ್ಚಿನ ಕಡೆ ದಡದಲ್ಲಿ ಮಾಡಿ ತಂದು ಬಿಸಿ ಇಟ್ಟಿರುತ್ತಾರೆ. ಬೋಟಿನಲ್ಲೇ ಬೇಯಿಸುವುದು ಏನು ಅಂತ ಕೇಳಿ. ಮೀನನ್ನಾದರೂ ಅಲ್ಲೇ ಹುರಿದು ಕೊಡುತ್ತಾರೆ ಅಂದರೆ ಅದೇ ದೊಡ್ಡದು. ಮೆನು ಉದ್ದ ಇದ್ದಷ್ಟೂ ನನಗೆ ಅನುಮಾನ ಜಾಸ್ತಿ. ಚೈನೀಸು, ಪಂಜಾಬಿ, ಗೋವನ್, ಇಟಾಲಿಯನ್ ಅಂತ ಇಪ್ಪತ್ತೆಂಟು ಬಗೆ ಇದ್ದರೆ ಯಾವುದೂ ನಾಲಿಗೆಗೆ ಹತ್ತುವುದಿಲ್ಲ. ಗೋವಾದಲ್ಲಿ ಮೀನು ಸಾರು, ಅನ್ನ, ಶಾಕುತಿ ಅನ್ನುವ ಮಸಾಲೆ ಸಾರು ಇರುವ ಸಣ್ಣ ಮೆನು, ಕೊಚ್ಚಿಯಲ್ಲಿ ಅಪ್ಪ, ಸ್ಟ್ಯೂ, ಮೀನು ಇರುವ ಸಣ್ಣ ಮೆನು ಸಿಕ್ಕಿದರೆ ಅದನ್ನೇ ಹಿಡಿಯಿರಿ.

ಊಟ ಬಡಿಸುವ ಹೊತ್ತೂ ಮುಖ್ಯ. ಎಂಟೂವರೆಗೆ ಬಫೆ ತೆರೆದರೆ ಸಕ್ಕರೆ ಕಾಯಿಲೆಯವರಿಗೆ ಕಷ್ಟ. ಅತ್ತೆಯ ಕೈಚೀಲದಲ್ಲಿ ಯಾವಾಗಲೂ ಒಂದು ಬಿಸ್ಕತ್ತು ಪೊಟ್ಟಣ, ಎರಡು ಬಾಳೆಹಣ್ಣು ಇರುತ್ತದೆ. ಹೊರಗಿನ ತಿಂಡಿ ಬಿಡುವುದಿಲ್ಲ ಅಂದವನಿಗೆ ಅತ್ತೆ ಮಾತ್ರೆ ಚೀಟಿ ತೋರಿಸಿದರು, ಸುಮ್ನೆ ಬಿಟ್ಟ. ಸಸ್ಯಾಹಾರಿಗಳಿದ್ದರೆ ಬೇರೆ ಕೌಂಟರ್ ಇದೆಯೋ ಒಂದೇ ಸೌಟು ಎಲ್ಲಕ್ಕೂ ಓಡಾಡುತ್ತದೋ ಕೇಳಿಕೊಳ್ಳಿ.

ಬಫೆ ಸಾಲಿಗೆ ನನ್ನ ಉಪಾಯ ಇದು. ತೆರೆದ ಕೂಡಲೇ ಎದ್ದು ಓಡಬೇಡಿ. ಆಗ ಎಲ್ಲರೂ ಒಳಗೆ ಇರುತ್ತಾರೆ, ಡೆಕ್ ಖಾಲಿ. ಆ ಇಪ್ಪತ್ತು ನಿಮಿಷ ಕಂಬಿ ಹಿಡಿದು ನಿಂತು ನೋಡಿ, ಇಡೀ ಹೊಳೆ ನಿಮ್ಮದೇ. ಆಮೇಲೆ ನಿಧಾನಕ್ಕೆ ಹೋದರೆ ಸಾಲು ಕರಗಿರುತ್ತದೆ. ಸೀಗಡಿ ಮುಗಿದಿರಬಹುದು. ಮುಗಿಯಲಿ ಬಿಡಿ.

ಹಾಡು, ಕುಣಿತ

"ಲೈವ್" ಅನ್ನುವ ಮಾತಿಗೆ ಬೋಟಿನವರ ಅರ್ಥ ಬೇರೆ ಬೇರೆ. ಒಬ್ಬ ಡಿಜೆ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದರೂ ಲೈವ್. ಕರೋಕೆಗೆ ಒಬ್ಬರು ಹಾಡಿದರೂ ಲೈವ್. ಗಿಟಾರು, ಕೀಬೋರ್ಡು, ಡ್ರಮ್ ಇರುವ ಬ್ಯಾಂಡ್ ಆದರೂ ಲೈವ್. "ಎಷ್ಟು ಜನ ನುಡಿಸ್ತಾರೆ?" ಅಂತ ಕೇಳಿದರೆ ನಿಜ ಹೊರಗೆ ಬರುತ್ತದೆ.

ಮಾಂಡವಿ ಬೋಟ್‌ಗಳಲ್ಲಿ ಒಂದು ಕ್ರಮ ಇದೆ. ನಿರೂಪಕ ಮೈಕ್ ಹಿಡಿದು ಮೊದಲು ಮಕ್ಕಳನ್ನು ಕರೆದು ಕುಣಿಸುತ್ತಾನೆ, ಆಮೇಲೆ ಜೋಡಿಗಳನ್ನು, ಆಮೇಲೆ ಹೆಂಗಸರು, ಗಂಡಸರು. ನಡುನಡುವೆ ಗೋವಾದ ಜಾನಪದ ಕುಣಿತ: ದೇಖಣಿ, ಫುಗಡಿ, ಪೋರ್ಚುಗೀಸರ ಕಾಲದ ಕೊರಿದಿನ್ಯೋ. ಜಾನಪದದ ಭಾಗ ಚಿಕ್ಕದು, ನನಗೆ ಇಷ್ಟವಾದದ್ದು ಅದೇ. ಮಿಕ್ಕದ್ದು ಹಿಂದಿ ಸಿನಿಮಾ ಹಾಡು. ಅದು ಗೊತ್ತಿದ್ದು ಹೋದರೆ ಬೇಜಾರಾಗುವುದಿಲ್ಲ. ಕುಣಿಯದವರು ಸ್ಟೇಜಿನಿಂದ ದೂರ, ಸ್ಪೀಕರಿಗೆ ಬೆನ್ನು ಹಾಕುವ ಸೀಟು ಹಿಡಿಯಿರಿ. ಸ್ಪೀಕರ್ ಪಕ್ಕ ಕೂತು "ಸೌಂಡ್ ಕಮ್ಮಿ ಮಾಡಿ" ಅಂತ ಜಗಳಕ್ಕೆ ಹೋಗಿ ಪ್ರಯೋಜನ ಇಲ್ಲ.

ಒಂದು ಸಲ ಬಾವ ತನ್ನ ಫೋನನ್ನೇ ಡಿಜೆ ಕೈಗೆ ಕೊಟ್ಟು ವಾಲಗ ಹಾಕಿಸಿದ. ಹಾಡಲ್ಲಿ ಮಾತೇ ಇಲ್ಲ, ಡಿಜೆಗೆ ಏನಿದು ಅಂತ ತಿಳಿಯಲಿಲ್ಲ. ನಮ್ಮ ಕಡೆ ಮದುವೆ ಮನೆಯಲ್ಲಿ ವಾಲಗ ಶುರುವಾದರೆ ಕೂತಿರುವವರು ಯಾರು? ಮಂಡಿ ನೋವು ಅಂತ ಮೆಟ್ಟಿಲು ಹತ್ತೋಕೆ ಇಬ್ಬರ ಕೈ ಹಿಡಿದಿದ್ದ ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು. ಕೈ ಮೇಲೆತ್ತಿ, ಹೆಜ್ಜೆ ಸಣ್ಣದಾಗಿ ಇಟ್ಟು, ಒಂಬತ್ತು ಜನವೂ. ಬೋಟಿನ ಮಿಕ್ಕವರು ಫೋನ್ ಎತ್ತಿ ಹಿಡಿದಿದ್ದರು. ಆಚೆ ಮೇಜಿನಿಂದ ಒಬ್ಬರು ಎದ್ದು ಬಂದು ಸೇರಿಕೊಂಡರು. "ನಮ್ದು ಸೋಮವಾರಪೇಟೆ" ಅಂದರು, ಕುಣಿತ ನಿಲ್ಲಿಸದೆ. ಡಿಜೆ ಒಪ್ಪಿದರೆ ಕೇಳಿ ನೋಡಿ. ಹಾಡನ್ನು ಮೊದಲೇ ಫೋನಿಗೆ ಇಳಿಸಿಕೊಂಡಿರಿ, ನೀರ ನಡುವೆ ನೆಟ್‌ವರ್ಕ್ ನಂಬಬೇಡಿ.

ಹತ್ತುವ ಮುಂಚೆ ಬೋಟನ್ನೇ ನೋಡಿ

ಇದು ಮಾತ್ರ ತಮಾಷೆಯಲ್ಲ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿ ಜಲಾಶಯದಲ್ಲಿ ಪ್ರವಾಸಿ ಬೋಟ್ ಮಗುಚಿ 45 ಜನ ಹೋದರು. ಕಾಡು ಪ್ರಾಣಿ ಕಂಡಿತೆಂದು ಜನ ಒಂದೇ ಪಕ್ಕಕ್ಕೆ ನುಗ್ಗಿದ್ದರು. 2023ರ ಮೇ 7ರಂದು ಅಲ್ಲಿಯದೇ ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಬೋಟ್ ಮಗುಚಿ 22 ಜನ ಹೋದರು, ಅದರಲ್ಲಿ ಮಕ್ಕಳೇ ಹೆಚ್ಚು. ಅದು ಮೀನುಗಾರಿಕೆಯ ಬೋಟನ್ನು ಬದಲಿಸಿ ಮಾಡಿದ ಬೋಟ್. ಹಿಡಿಸುವುದಕ್ಕಿಂತ ಜಾಸ್ತಿ ಜನ ಇದ್ದರು. ಕತ್ತಲಾಗಿತ್ತು. ಎರಡೂ ನಾವು ಪ್ರವಾಸ ಹೋಗುವ ರಾಜ್ಯದಲ್ಲೇ ಆದದ್ದು.

ಅದಕ್ಕೇ ಜೆಟ್ಟಿಯಲ್ಲಿ ಎರಡು ನಿಮಿಷ ನಿಂತು ನೋಡಿ. ಬೋಟಿನ ಪಕ್ಕದಲ್ಲಿ ನೋಂದಣಿ ಸಂಖ್ಯೆ ಬರೆದಿದೆಯಾ? ಎಷ್ಟು ಜನಕ್ಕೆ ಅನುಮತಿ ಅಂತ ಬೋರ್ಡ್ ಇದೆಯಾ? 2021ರ ಒಳನಾಡು ಹಡಗು ಕಾಯ್ದೆಯ ಪ್ರಕಾರ ಇಂಥ ಬೋಟಿಗೆ ನೋಂದಣಿಯೂ ಬೇಕು, ಬೋಟನ್ನು ತಪಾಸಣೆ (ಸರ್ವೆ) ಮಾಡಿದ ಪ್ರಮಾಣಪತ್ರವೂ ಬೇಕು. ಕೇಳಿದರೆ ಒಳ್ಳೆಯವರು ಬೇಜಾರಿಲ್ಲದೆ ತೋರಿಸುತ್ತಾರೆ. ಹತ್ತುವವರನ್ನು ಯಾರಾದರೂ ಎಣಿಸುತ್ತಿದ್ದಾರಾ ನೋಡಿ. ಎಣಿಸದ ಬೋಟ್ ನನಗೆ ಬೇಡ.

ಲೈಫ್ ಜಾಕೆಟ್ ಎಲ್ಲಿದೆ ಅಂತ ಕೇಳಿ, ಬರೀ "ಇದೆ" ಅಂದರೆ ಸಾಲದು. ಕೆಳಗಿನ ಕೋಣೆಯಲ್ಲಿ ಬೀಗ ಹಾಕಿಟ್ಟಿದ್ದರೆ ಇದ್ದೂ ಇಲ್ಲದ ಹಾಗೆ. ಮಕ್ಕಳ ಅಳತೆಯದ್ದು ಬೇರೆ ಇರಬೇಕು, ದೊಡ್ಡವರದ್ದು ಹಾಕಿದರೆ ಮಗು ಜಾರಿ ಕೆಳಗೆ ಹೋಗುತ್ತದೆ. ಮೇಲಿನ ಡೆಕ್‌ನಲ್ಲಿ ಎಲ್ಲರೂ ಪಟಾಕಿಯೋ ಸೇತುವೆಯೋ ನೋಡೋಕೆ ಒಂದೇ ಕಡೆ ನುಗ್ಗಿದರೆ ನೀವು ನಡುವೆಯೇ ಇರಿ. ರಾಫ್ಟಿಂಗ್‌ಗೆ ಹೋದಾಗ ಜಾಕೆಟ್ ಬಿಗಿ ಮಾಡಿಸಿಕೊಳ್ಳುವ ನಮ್ಮ ಹುಡುಗರು ದೊಡ್ಡ ಬೋಟ್ ಕಂಡ ಕೂಡಲೇ ಅದನ್ನು ಮರೆಯುತ್ತಾರೆ.

ಮನಸ್ಸಿಗೆ ಸರಿ ಕಾಣದಿದ್ದರೆ ಇಳಿದುಬಿಡಿ. ಟಿಕೆಟ್ ದುಡ್ಡು ಹೋಗಲಿ.

ಸೀಟು, ಹೊಟ್ಟೆ, ಚಪ್ಪಲಿ

ಒಳಗಿನ ಎಸಿ ಹಾಲ್‌ನಲ್ಲಿ ಗಾಜಿನ ಕಿಟಕಿ ಪಕ್ಕದ ಸೀಟಿಗೆ ಜಾಸ್ತಿ ದುಡ್ಡು ಕೇಳುತ್ತಾರೆ. ಒಳಗೆ ದೀಪ ಇದ್ದಾಗ ರಾತ್ರಿ ಗಾಜಿನಲ್ಲಿ ಕಾಣುವುದು ನಿಮ್ಮ ಮುಖವೇ. ಸೆಕೆ ತಡೆಯದವರಿಗೆ, ಸಣ್ಣ ಮಗು ಇರುವವರಿಗೆ ಎಸಿ ಸರಿ. ನೋಡೋಕೆ ಹೋಗುವವರಿಗೆ ಮೇಲಿನ ತೆರೆದ ಡೆಕ್. ಮಂಡಿ ನೋವಿನವರನ್ನು ಮೇಲೆ ಹತ್ತಿಸುವ ಮುಂಚೆ ಟಾಯ್ಲೆಟ್ ಯಾವ ಡೆಕ್‌ನಲ್ಲಿ ಅಂತ ನೋಡಿ. ಹೆಚ್ಚಾಗಿ ಕೆಳಗೇ ಇರುತ್ತದೆ, ಮೆಟ್ಟಿಲು ಕಡಿದು.

ಸಂಪಾಜೆ ಘಟ್ಟದಲ್ಲಿ ವಾಂತಿ ಮಾಡುವ ಮಕ್ಕಳು ಬೋಟಿನಲ್ಲೂ ಮಾಡುತ್ತಾರೆ ಅಂತ ಹೆದರಬೇಡಿ. ಹೊಳೆಯ ಬೋಟ್ ಹೆಚ್ಚು ಅಲುಗಾಡುವುದಿಲ್ಲ. ಅಳಿವೆ ದಾಟಿ ಸಮುದ್ರಕ್ಕೆ ಹೋಗುವ ಬೋಟ್ ಆದರೆ ಮಾತ್ರ ಯೋಚಿಸಿ. ಅಂಥದ್ದಕ್ಕೆ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ, ಹೊರಡುವ ಅರ್ಧ ಮುಕ್ಕಾಲು ಗಂಟೆ ಮುಂಚೆಯೇ. ತಲೆ ಸುತ್ತು ಶುರುವಾದ ಮೇಲೆ ನುಂಗಿ ಪ್ರಯೋಜನ ಇಲ್ಲ. ಕೆಳಗಿನ ಡೆಕ್‌ನ ನಡುಭಾಗ ಎಲ್ಲಕ್ಕಿಂತ ಕಮ್ಮಿ ಅಲುಗಾಡುತ್ತದೆ.

ಹೀಲ್ಸ್ ಬೇಡ. ಜೆಟ್ಟಿಯ ಹಲಗೆ ಸಂದಿನಲ್ಲಿ ಅಕ್ಕನ ಹೀಲ್ ಸಿಕ್ಕಿಕೊಂಡು ಮುರಿದದ್ದು ಇನ್ನೂ ನಮ್ಮ ಮನೆಯಲ್ಲಿ ಮಾತಿಗೆ ಬರುತ್ತದೆ.

ಇಳಿದ ಮೇಲೆ

ಒಂಬತ್ತೂವರೆ, ಹತ್ತಕ್ಕೆ ಇಳಿಯುತ್ತೀರಿ. ಎಲ್ಲರೂ ಒಟ್ಟಿಗೆ ಇಳಿಯುವುದರಿಂದ ಆಟೋ, ಟ್ಯಾಕ್ಸಿಗೆ ಗಲಾಟೆ. ಮೊದಲೇ ಹೇಳಿಟ್ಟಿರಿ, ಇಲ್ಲವೇ ನಡೆದು ಹೋಗುವಷ್ಟು ಹತ್ತಿರ ರೂಮ್ ಮಾಡಿ. ಅದೇ ರಾತ್ರಿ ಊರಿಗೆ ಹೊರಡುವ ಯೋಚನೆಯೇ ಬೇಡ. ಊಟ ಮಾಡಿ, ಕುಣಿದು, ಆಮೇಲೆ ರಾತ್ರಿಯಿಡೀ ಪ್ರಯಾಣ, ಬೆಳಗಿನ ಜಾವ ಘಟ್ಟ. ಯಾರಿಗೆ ಬೇಕು?

ಊರಿನಿಂದಲೇ ಜೀಪೋ ಟೆಂಪೋ ಟ್ರಾವೆಲರೋ ಮಾಡಿಕೊಂಡು ಹೋಗಿದ್ದರೆ ಡ್ರೈವರನ್ನು ಮರೆಯಬೇಡಿ. ನೀವು ಬೋಟಿನಲ್ಲಿರುವ ಮೂರು ಗಂಟೆ ಅವರು ಜೆಟ್ಟಿಯ ಪಾರ್ಕಿಂಗ್‌ನಲ್ಲಿ ಸೊಳ್ಳೆ ಹೊಡೆದುಕೊಂಡು ಕೂತಿರುತ್ತಾರೆ. ಹತ್ತುವ ಮುಂಚೆಯೇ ಕೈಗೆ ಊಟದ ದುಡ್ಡು ಕೊಡಿ. ಹೋದ ವರ್ಷ ನಾನು ಅವರಿಗೂ ಒಂದು ಟಿಕೆಟ್ ತೆಗೆಯಲು ಹೋದೆ. "ಬೇಡಮ್ಮ, ನಂಗೆ ನೀರು ಅಂದ್ರೆ ಭಯ" ಅಂದರು. ನಾವು ಇಳಿದು ಬಂದಾಗ ಎದುರಿನ ಸಣ್ಣ ಹೋಟೆಲಿನಲ್ಲಿ ಬಂಗುಡೆ ಸಾರು, ಅನ್ನ ಉಂಡು, ವಾಹನದ ಹಿಂದಿನ ಸೀಟಿನಲ್ಲಿ ಚೆನ್ನಾಗಿ ಗೊರಕೆ ಹೊಡೆಯುತ್ತಿದ್ದರು. ಎಬ್ಬಿಸಿ ಸಾರು ಹೇಗಿತ್ತು ಅಂತ ಕೇಳಿದೆ. ಮರುದಿನ ಮಧ್ಯಾಹ್ನ ನಾವೆಲ್ಲ ಅಲ್ಲೇ ಊಟ ಮಾಡಿದೆವು.